ಮತ್ತಿವಾಡಾದಲ್ಲಿ ಯಾರೂ ಇಲ್ಲ

ಶಾಸನಸಭೆಯ ಗ್ಯಾಲರಿಯಲ್ಲಿ ಕೂತವನು ಬಾಯಿ ತೆರೆಯುವಂತಿಲ್ಲ. ಕೆಳಗೆ ಕೂತವರು ಅವನ ಬಗ್ಗೆ ಏನೇ ಹೇಳಲಿ, ಅವನು ಹುಟ್ಟೇ ಇಲ್ಲ ಎಂದರೂ ಸರಿ, ಮೇಲಿನವನು ಕೆಮ್ಮುವಂತಿಲ್ಲ. ಇದು ನಿಮಗೆ ಗೊತ್ತಿರಬೇಕು. ಇನಾಸನಿಗೆ ಗೊತ್ತಿರಲಿಲ್ಲ.

ಇನಾಸ ಮತ್ತಿವಾಡಾದವನು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ಗಾಡಿದಾರಿ ಬಿಟ್ಟು, ಒಂದು ಹಳ್ಳ ದಾಟಿ, ಕಾಡೊಳಗೆ ಎರಡು ಹರದಾರಿ ನಡೆದರೆ ಆ ವಾಡಾ ಸಿಗುತ್ತಿತ್ತು. ಇಪ್ಪತ್ತಮೂರು ಒಲೆ, ಎಲ್ಲ ಸಿದ್ದಿಗಳವು, ಎಂದೋ ಸಮುದ್ರದಾಚೆಯಿಂದ ಬಂದು ಕಾಡು ಸೇರಿದವರ ಸಂತತಿ. ಒಂದು ಮನೆಯಲ್ಲಿ ಶಿಲುಬೆ, ಪಕ್ಕದ ಮನೆಯಲ್ಲಿ ಹಿರಿಯರ ಹೆಸರಿನ ತೆಂಗಿನಕಾಯಿ, ಅದರಾಚೆಯ ಮನೆಯಲ್ಲಿ ನಮಾಜಿನ ಚಾಪೆ. ಹಬ್ಬ ಯಾರ ಮನೆಯದಾದರೂ ಊಟ ಎಲ್ಲರದು. ಗಂಡಸರು ಬಿದಿರು ಕಡಿದು ಗಾಡಿ ತುಂಬುತ್ತಿದ್ದರು. ಹೆಂಗಸರು ಹಳ್ಳದ ದಂಡೆಯ ತುಂಡುಗದ್ದೆಗಳಲ್ಲಿ ಭತ್ತ ಬೆಳೆಯುತ್ತಿದ್ದರು. ಇನಾಸನ ಅಜ್ಜ ಹುಟ್ಟಿದ್ದೂ ಅಲ್ಲೇ, ಅವನನ್ನು ಹೂತದ್ದೂ ಅಲ್ಲೇ.

ಇನಾಸನಿಗೆ ವಾಡಾದಲ್ಲಿ ಒಂದು ಹುದ್ದೆ ಇತ್ತು. ಯಾವ ಸರ್ಕಾರವೂ ಕೊಟ್ಟದ್ದಲ್ಲ. ಅವನ ಗುಡಿಸಲು ಎಲ್ಲಕ್ಕಿಂತ ಮುಂದೆ, ಹಳ್ಳದ ದಾಟಿನ ಬಾಯಿಗೆ. ಅಂಗಳದಲ್ಲಿ ಸಿಡಿಲು ಹೊಡೆದು ಒಳಗೆ ಟೊಳ್ಳಾದ ಮತ್ತಿಮರದ ಬೊಡ್ಡೆ ನಿಂತಿತ್ತು. ಸಾಹೇಬರ ಸವಾರಿ ಬರುವ ಸುಳಿವು ಸಿಕ್ಕೊಡನೆ ಇನಾಸ ಕೊಡಲಿಯ ಹಿಂಬದಿಯಿಂದ ಆ ಬೊಡ್ಡೆಗೆ ಮೂರು ಪೆಟ್ಟು ಹಾಕುತ್ತಿದ್ದ. ಕುದುರೆಯ ಲಾಳದ ಸಪ್ಪಳ, ಸಾಮಾನು ಹೊತ್ತ ಎತ್ತಿನ ಗೆಜ್ಜೆ, ಫಾರೆಸ್ಟ್ ಗಾರ್ಡನ ಸೀಟಿ, ಇವನ್ನು ಅವನು ಅರ್ಧ ಹರದಾರಿಯಿಂದಲೇ ಬೇರೆ ಬೇರೆ ಮಾಡಿ ಹೇಳುತ್ತಿದ್ದ. ಮೂರು ಪೆಟ್ಟು ಬಿದ್ದವೋ, ವಾಡಾ ಎದ್ದಿತು. ಒಲೆಗೆ ಬೂದಿ ಎಳೆದು ಮೇಲೆ ನೀರು ಸುರಿಯುವುದು. ಕೋಳಿಗಳನ್ನು ಬುಟ್ಟಿಗೆ ಹಾಕುವುದು. ಕೂಸುಗಳನ್ನು ಬೆನ್ನಿಗೆ ಬಿಗಿದು ಹಳ್ಳದ ನೀರಿನಲ್ಲೇ ಮೇಲಕ್ಕೆ ನಡೆಯುವುದು, ಹೆಜ್ಜೆ ಮೂಡಬಾರದೆಂದು. ಎರಡು ಬೀಡಿ ಸೇದುವಷ್ಟರಲ್ಲಿ ಅಲ್ಲಿ ಮನುಷ್ಯರಿದ್ದರೆಂದು ನಾಯಿಗೂ ಗೊತ್ತಾಗುತ್ತಿರಲಿಲ್ಲ.

ಯಾಕೆ ಹೀಗೆ ಓಡಬೇಕು? ಬಿಟ್ಟಿಗಾಗಿ. ಸವಾರಿ ಬಂತೆಂದರೆ ಸಿಕ್ಕ ಗಂಡಸಿನ ತಲೆಯ ಮೇಲೆ ಡೇರೆ, ಸಿಕ್ಕ ಹೆಂಗಸಿನ ಸೊಂಟದ ಮೇಲೆ ನೀರಿನ ಕೊಡ. ಕೂಲಿ ಇಲ್ಲ, ಕೇಳಿದರೆ ಬೂಟು. ಬಿಟ್ಟಿ ಈಗೆಲ್ಲಿದೆ, ಅದೆಲ್ಲ ಹಳೇ ಕಾಲದ್ದು ಎನ್ನುತ್ತಾರೆ ಹಳಿಯಾಳದ ಪೇಟೆಯವರು. ಪೇಟೆಯವರ ತಲೆಯ ಮೇಲೆ ಯಾರೂ ತೊಟ್ಟಿ ಇಟ್ಟಿಲ್ಲ. ಇನಾಸನ ಅಪ್ಪನ ತಲೆಯ ಮೇಲೆ ಇಟ್ಟಿದ್ದರು. ಶಿಕಾರಿಗೆ ಬಂದ ಸಾಹೇಬನೊಬ್ಬ ಸ್ನಾನ ಮಾಡುವ ತಗಡಿನ ತೊಟ್ಟಿ. ಅದನ್ನು ಹೊತ್ತು ಅವನು ಸೂಪಾ ದಾಟಿ ಅನಮೋಡದ ಘಟ್ಟದವರೆಗೆ ನಡೆದ. ಹೋಗುವಾಗ ತೊಟ್ಟಿ ಖಾಲಿ ಇತ್ತು. ಬರುವಾಗ ಅದರಲ್ಲಿ ಎರಡು ಕಾಡುಕೋಣದ ತಲೆಗಳಿದ್ದವು. ಒಂಬತ್ತನೆಯ ದಿನ ಮನೆಗೆ ಬಂದವನು ರಕ್ತ ಕೆಮ್ಮಿದ, ಮುಂದಿನ ಮಳೆಗಾಲ ಕಾಣಲಿಲ್ಲ. ಇನಾಸನನ್ನು ಸಾಕಿದವಳು ಎದುರು ಗುಡಿಸಲಿನ ರುಕ್ಮಾ. ಕೊಡಲಿ ಎತ್ತುವ ಬಲ ಬಂದ ದಿನದಿಂದ ಅವನು ಬೊಡ್ಡೆಯ ಕಾವಲು ಹಿಡಿದ. ಇಪ್ಪತ್ತೆರಡು ವರ್ಷ. ಅಷ್ಟರಲ್ಲಿ ಮತ್ತಿವಾಡಾದ ಒಬ್ಬನೂ ಬಿಟ್ಟಿಗೆ ಸಿಗಲಿಲ್ಲ. ಇನಾಸ ತನ್ನ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ ಮಾತು ಇದೊಂದೇ.

ಹೋದ ವರ್ಷ ಬೇಸಿಗೆಯಲ್ಲಿ ಗಾರ್ಡ್ ಬಂದು ಒಂದು ಕಾಗದವನ್ನು ಮರಕ್ಕೆ ಮೊಳೆ ಹೊಡೆದು ಹೋದ. ಅವನು ಒಬ್ಬನೇ ಬಂದರೆ ಯಾರೂ ಓಡುತ್ತಿರಲಿಲ್ಲ. ಒಂದು ಕೋಳಿ, ಒಂದು ಬಾಟಲಿ ಜೇನು ಕೊಟ್ಟರೆ ಅವನ ಕೆಲಸ ಮುಗಿಯುತ್ತಿತ್ತು. ಕಾಗದದಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಕೋಳಿಯ ಕಾಲು ಕಟ್ಟುತ್ತ ಹೇಳಿದ: "ಇದು ರಿಜರ್ವ್ ಜಂಗಲ್ ಆಗೇತಿ. ಮಳಿ ಮುಗಿಯೂದ್ರಾಗ ಖಾಲಿ ಮಾಡ್ರಿ."

ವಾಡಾ ಉಳಿಯಬೇಕು. ಇನಾಸನಿಗೆ ಅಂದಿನಿಂದ ಬೇರೆ ಯೋಚನೆ ಇರಲಿಲ್ಲ. ಮೂವತ್ತೈದರ ಹೊಸ ಕಾಯ್ದೆಯ ಪ್ರಕಾರ ನಡೆದ ಚುನಾವಣೆ ಮುಗಿದು ವರ್ಷವಾಗಿತ್ತು. ಹಳಿಯಾಳದ ವಕೀಲ ಶಿವಲಿಂಗಪ್ಪ ಶಾಸನಸಭೆಯ ಮೆಂಬರ್ ಆಗಿದ್ದರು. ಇನಾಸ ಅವರ ಜಗಲಿಯಲ್ಲಿ ಮೂರು ದಿನ ಕೂತ. ಮೂರನೆಯ ದಿನ ಅವರು ಕರೆದು ಕೇಳಿದರು, ಬರೆದುಕೊಂಡರು. ಮೆಂಬರರು ಕೆಟ್ಟವರಲ್ಲ. ಪ್ರಶ್ನೆ ಚೊಕ್ಕವಾಗಿತ್ತು. ಅ: ಮತ್ತಿವಾಡಾದಲ್ಲಿ ಇಪ್ಪತ್ತಮೂರು ಕುಟುಂಬಗಳು ವಾಸವಾಗಿರುವುದು ನಿಜವೇ? ಆ: ಎಷ್ಟು ತಲೆಮಾರಿನಿಂದ? ಇ: ಅವರನ್ನು ಅಲ್ಲೇ ಇರಗೊಡಲು ಸರ್ಕಾರ ಆಜ್ಞೆ ಮಾಡುವುದೇ?

"ಮಳಿಗಾಲದ ಅಧಿವೇಶನ ಪುಣೇದಾಗ," ಎಂದರು. "ನೀನೂ ಬಾ. ಮ್ಯಾಲೆ ಕೂತು ನೋಡು. ಸರ್ಕಾರದ ಬಾಯಿಂದ ಹೌದು ಅನಸ್ತೇನಿ."

ಹೊರಡುವ ದಿನ ರುಕ್ಮಾ ರೊಟ್ಟಿಯ ಗಂಟು ಕೊಟ್ಟಳು. ಈಗ ಅವಳು ಹಲ್ಲಿಲ್ಲದ ಮುದುಕಿ. "ಏನಲೇ ಇನಾಸ, ಪುಣೇಕ ಹೋಗಿ ದಿವಾನ ಆಗಿ ಬರ್ತಿ ಏನು?"

"ನಿನ್ನ ಹೆಸರೂ ಹೇಳಿ ಬರ್ತೇನಿ ಆಯಿ. ರುಕ್ಮಾ ಅಂತ ಒಬ್ಬಾಕಿ ಅದಾಳ, ಹಲ್ಲು ಹೋದರೂ ನಾಲಿಗಿ ಗಟ್ಟಿ ಐತಿ ಅಂತ."

"ಹೇಳು, ಹೇಳು. ನನ್ನ ಮದಿವಿಗಿ ಗಂಡು ಸಿಕ್ಕರ ಕರಕೊಂಡು ಬಾ."

ಅಳ್ನಾವರದಲ್ಲಿ ರೈಲು ಹತ್ತುವವರೆಗೂ ಅವನು ಇದನ್ನೇ ನೆನೆದು ನಗುತ್ತಿದ್ದ.

ಪುಣೆಯಲ್ಲಿ ಅವನ ಜೊತೆಗಿದ್ದವನು ವಕೀಲರ ಗುಮಾಸ್ತ ಅಡಿವೆಯ್ಯ. ಕಂಬಳಿ ಹೊದ್ದವನನ್ನು ಒಳಗೆ ಬಿಡುವುದಿಲ್ಲವೆಂದು ಅವನೇ ಒಂದು ಕೋಟು ತಂದು ತೊಡಿಸಿದ್ದ. ಇನಾಸನ ಭುಜಕ್ಕೆ ಅದು ಸಾಲದೆ ಬೆನ್ನ ಮೇಲೆ ಬಿಗಿದು ನಿಂತಿತ್ತು. ಬಾಗಿಲಲ್ಲಿ ಕೆಂಪು ಪಟ್ಟಿಯ ಜವಾನ ಇನಾಸನ ಬಣ್ಣ, ಕೂದಲು ನೋಡಿ, ಯಾವ ದೇಶದವನು ಎಂದು ಮರಾಠಿಯಲ್ಲಿ ಕೇಳಿದ.

"ಹಳಿಯಾಳ ತಾಲೂಕು," ಎಂದ ಇನಾಸ.

ಮೇಲೆ ಗ್ಯಾಲರಿಯಲ್ಲಿ ಮರದ ಬೆಂಚು, ಎದುರಿಗೆ ಹಿತ್ತಾಳೆಯ ಕಂಬಿ. ಅಡಿವೆಯ್ಯ ಕಿವಿಯಲ್ಲಿ ಹೇಳಿದ: "ಮಾತಾಡಬ್ಯಾಡ. ಕಂಬಿ ಮ್ಯಾಲೆ ಕೈ ಇಡಬ್ಯಾಡ. ನಗಬ್ಯಾಡ."

"ಉಸಿರು ಬಿಡಬಹುದೇನ್ರಿ?"

"ಮೆಲ್ಲಕ ಬಿಡು."

ಕೆಳಗೆ ಪ್ರಶ್ನೆಯ ಹೊತ್ತು ನಡೆದಿತ್ತು. ಕೆಲವರು ಕಾಗದ ತಿರುವುತ್ತಿದ್ದರು, ಒಬ್ಬರು ನಿದ್ದೆಯಲ್ಲಿದ್ದರು. ಮಾತೆಲ್ಲ ಇಂಗ್ಲೀಷಿನಲ್ಲಿ, ಅಡಿವೆಯ್ಯ ಪಿಸುಮಾತಿನಲ್ಲಿ ಕನ್ನಡ ಮಾಡುತ್ತಿದ್ದ. ನಲವತ್ತಾರನೆಯ ಪ್ರಶ್ನೆ ಯಾವುದೋ ಊರಿನ ಸರ್ಕಾರಿ ಬಂಗಲೆಯ ಮಾವಿನ ಮರಗಳದ್ದು. ಎಷ್ಟು ಮರ, ಹಣ್ಣು ಯಾರಿಗೆ ಹೋಯಿತು. ಮಂತ್ರಿಗಳು ಎದ್ದು ಹೇಳಿದರು: ಮರ ಹದಿನಾಲ್ಕು. ಎರಡು ಫಲ ಬಿಡುವುದಿಲ್ಲ. ಒಂದಕ್ಕೆ ಬಂದಳಿಕೆ ಹತ್ತಿದೆ.

ಇನಾಸನ ಮುಖ ಅರಳಿತು. "ಗಿಡದ ಲೆಕ್ಕಾನ ಇಷ್ಟು ಬರೋಬರಿ ಇಟ್ಟಾರಂದ್ರ, ಮನಷ್ಯಾರ ಲೆಕ್ಕ ಬಿಟ್ಟಾರೇನ್ರಿ?"

"ಶ್!"

ಶಿವಲಿಂಗಪ್ಪನವರು ಎದ್ದು, "ನಲವತ್ತೇಳು," ಎಂದು ಕೂತುಬಿಟ್ಟರು. ಇನಾಸ ಗಾಬರಿಯಾದ. ಅಜ್ಜನಿಂದ ಹಿಡಿದು ಹೇಳುತ್ತಾರೆಂದು ಅವನು ಕಾದಿದ್ದ.

"ಇಷ್ಟ ಏನ್ರಿ?"

"ಪ್ರಶ್ನಾ ಮೊದಲ ಛಾಪಾ ಆಗೇತಿ. ನಂಬರ್ ಹೇಳಿದ್ರ ಆತು. ಈಗ ಉತ್ತರ ಬರತೈತಿ, ಕೇಳು."

ಮಂತ್ರಿಗಳು ಎದ್ದರು. ಮಾವಿನ ಮರಗಳನ್ನು ಓದಿದ ದನಿಯಲ್ಲೇ ಇದನ್ನೂ ಓದಿದರು. ಅಡಿವೆಯ್ಯನ ಪಿಸುಮಾತು ನಿಂತಿತು.

"ಏನಂದ್ರು?"

ಅಡಿವೆಯ್ಯ ಕೆಳಗೇ ನೋಡುತ್ತಿದ್ದ.

"ಹೇಳ್ರಿ, ಏನಂದ್ರು?"

"ಇಲ್ಲ ಅಂದ್ರು."

"ಏನಿಲ್ಲ?"

"ನೀವು. ನೀವು ಇಲ್ಲಂತ."

ಉಳಿದದ್ದನ್ನೂ ಅಡಿವೆಯ್ಯ ತಡವರಿಸುತ್ತ ಹೇಳಿದ. ಪ್ರಶ್ನೆಗೆ ಉತ್ತರ ಕೊಡಲೆಂದೇ ಒಬ್ಬ ಅಧಿಕಾರಿಯನ್ನು ಕಳಿಸಲಾಗಿತ್ತು. ಅವನು ಜೂನ್ ಹದಿನಾಲ್ಕರಂದು ಸ್ಥಳಕ್ಕೆ ಹೋಗಿ ನೋಡಿದ. ಕೆಲವು ಪಾಳು ಗುಡಿಸಲುಗಳು ಕಂಡವು. ಒಲೆಗಳು ತಣ್ಣಗಿದ್ದವು. ಮನುಷ್ಯರಿಲ್ಲ, ಕೋಳಿ ಕುರಿ ಇಲ್ಲ. ಆದಕಾರಣ ಅ: ಇಲ್ಲ. ಆ ಮತ್ತು ಇ: ಪ್ರಶ್ನೆ ಉದ್ಭವಿಸುವುದಿಲ್ಲ.

ಇನಾಸನಿಗೆ ಇಂಗ್ಲೀಷ್ ತಿಂಗಳುಗಳು ಬರುತ್ತಿರಲಿಲ್ಲ. ಒಂದು ತಾರೀಖು ಮಾತ್ರ ಬರುತ್ತಿತ್ತು: ಜೂನ್ ಹದಿಮೂರು, ಸಾಂತ ಆಂತೋನಿಯ ಹಬ್ಬ. ಅದರ ಮರುದಿನ. ಆ ದಿನ ಲಾಳದ ಸಪ್ಪಳ ಕೇಳಿತ್ತು. ಗಾರ್ಡನ ಸೀಟಿ ಕೇಳಿತ್ತು. ಇನಾಸ ಕೊಡಲಿ ತಿರುಗಿಸಿ ಮೂರು ಪೆಟ್ಟು ಹಾಕಿದ್ದ. ಸುತ್ತಲಿನ ಕಾಡೆಲ್ಲ ಕೇಳುವಂತೆ, ಎಂದಿಗಿಂತ ಜೋರಾಗಿ. ಹೊಸ ಮಳೆ ಹನಿಯುತ್ತಿತ್ತು. ವಾಡಾದ ಜನ ಹಳ್ಳದ ಮೇಲ್ದಂಡೆಯಲ್ಲಿ ಉಸಿರು ಹಿಡಿದು ಕೂತಿದ್ದರು. ಸವಾರಿ ತಿರುಗಿ ಹೋದ ಮೇಲೆ, "ಈ ಸಲಾನೂ ಒಬ್ಬಾವ ಸಿಗಲಿಲ್ಲ," ಎಂದು ಇನಾಸ ತೊಡೆ ತಟ್ಟಿ ನಕ್ಕಿದ್ದ.

ಅವರನ್ನು ಎಣಿಸಲು ಬಂದವನಿಗೆ ಅವರು ಸಿಕ್ಕಿರಲಿಲ್ಲ. ಸಿಗದಂತೆ ಮಾಡಿದವನು ಇನಾಸನೇ.

ಕೆಳಗೆ ಶಿವಲಿಂಗಪ್ಪನವರು ಮತ್ತೆ ಎದ್ದಿದ್ದರು: ಅಲ್ಲಿ ಒಂದಾದರೂ ಪಾತ್ರೆ ಕಾಣಲಿಲ್ಲವೇ? ಮಂತ್ರಿಗಳು ಹಾಳೆ ತಿರುವಿದರು. ಒಂದು ಮಣ್ಣಿನ ಗಡಿಗೆ ಕಂಡಿತು, ಅದರಲ್ಲಿ ಸ್ವಲ್ಪ ಅನ್ನ ಮತ್ತು ಹಲಸಿನ ಬೀಜದ ಸಾರು ಇತ್ತು. ದಾರಿಹೋಕ ಮರಕಡುಕರದ್ದು ಇರಬೇಕೆಂದು ಅಧಿಕಾರಿಯ ಊಹೆ. ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ಸಾರು ರುಚಿಯಾಗಿತ್ತೇ?" ಸಭೆ ನಕ್ಕಿತು. ನಿದ್ದೆಯಲ್ಲಿದ್ದವರು ಎದ್ದು ನಕ್ಕರು.

ಅದು ರುಕ್ಮಾಳ ಗಡಿಗೆ. ಹಿಂದಿನ ದಿನದ ಹಬ್ಬದ ಸಾರು, ಮತ್ತೆ ಒಲೆಗಿಟ್ಟು ಬಿಸಿ ಮಾಡಿದ್ದು. ಅವಸರದಲ್ಲಿ ಬಿಟ್ಟು ಓಡಿದ್ದಳು, ವಾಪಸು ಬಂದಾಗ ಅದು ಅಂಗಳದಲ್ಲಿ ಬೋರಲು ಬಿದ್ದಿತ್ತು.

ನಗು ನಿಂತ ಮೇಲೆ ಶಿವಲಿಂಗಪ್ಪನವರ ದನಿ ಏರಿತು: "ಆ ಊರಿನ ಮನುಷ್ಯನೇ ಈಗ ಈ ಸಭಾಗೃಹದ ಗ್ಯಾಲರಿಯಲ್ಲಿ..."

ಅಧ್ಯಕ್ಷರು ಗಂಟೆ ಬಾರಿಸಿದರು. ಗ್ಯಾಲರಿಯಲ್ಲಿ ಕೂತವರನ್ನು ಸದಸ್ಯರು ಹೆಸರಿಸಕೂಡದು, ತೋರಿಸಕೂಡದು. ಅದು ನಿಯಮ. ಮುಂದಿನ ಪ್ರಶ್ನೆ.

ಇನಾಸ ಎದ್ದು ನಿಂತ. ಕೂಗಲಿಲ್ಲ. ಸುಮ್ಮನೆ ನಿಂತ, ಆರಡಿ ಎತ್ತರದ ಕರೀ ಮನುಷ್ಯ, ಬಿಗಿದ ಕೋಟಿನಲ್ಲಿ. ನೋಡಲಿ ಎಂದು. ಅಡಿವೆಯ್ಯ ಕೋಟಿನ ಚುಂಗು ಹಿಡಿದು ಜಗ್ಗಿದ, ಬೆನ್ನ ಹೊಲಿಗೆ ಪರ್ರನೆ ಹರಿಯಿತು. ಕೆಂಪು ಪಟ್ಟಿಯ ಜವಾನ ಬಂದು ಭುಜ ತಟ್ಟಿದ. ಕೆಳಗೆ ಒಬ್ಬರೂ ತಲೆ ಎತ್ತಲಿಲ್ಲ. ನಲವತ್ತೆಂಟನೆಯ ಪ್ರಶ್ನೆಯಲ್ಲಿ ಒಂದು ಸೇತುವೆಯ ಕಟಾಂಜನಕ್ಕೆ ಬಣ್ಣ ಬಳಿಯುವ ವಿಷಯವಿತ್ತು. ಮತ್ತಿವಾಡಾ ಮುಗಿಯಲಿಕ್ಕೆ ಒಂದು ಬೀಡಿಯ ಹೊತ್ತೂ ಹಿಡಿದಿರಲಿಲ್ಲ.

ಹೊರಗಿನ ವರಾಂಡದಲ್ಲಿ ಅಡಿವೆಯ್ಯ ಬೈಯಲು ಶುರು ಮಾಡಿದ. "ಸಾಹೇಬ ಬಂದಾಗ ಓಡಿಹೋಗ್ತೀರಿ ಅಂತ ನಮಗ ಒಂದು ಮಾತು ಹೇಳಿದ್ರೇನು?"

"ಎಣಿಸಾಕ ಬರ್ತಾರಂತ ನೀವು ನಮಗ ಹೇಳಿದ್ರ್ಯಾ?" ಎಂದ ಇನಾಸ. "ಇಷ್ಟು ವರ್ಷದಾಗ ನಮ್ಮನ್ನ ಎಣಿಸಾಕ ಯಾರು ಬಂದಾರ್ರಿ? ಹೊರಸಾಕ ಬಂದಾರ."

ಅಡಿವೆಯ್ಯ ಹರಿದ ಕೋಟನ್ನು ಬಿಚ್ಚಿಸಿ ಮಡಚಿಕೊಂಡ. ಮೆಟ್ಟಿಲು ಇಳಿಯುತ್ತ ಇನಾಸ ಕೇಳಿದ: "ನಾಳೆ ಮತ್ತ ಕೇಳಾಕ ಬರೂದಿಲ್ಲೇನ್ರಿ?"

"ಒಮ್ಮೆ ಉತ್ತರ ಬಂದ ಪ್ರಶ್ನಾ ಅದ ಅಧಿವೇಶನದಾಗ ಮತ್ತ ಕೇಳಾಕ ಬರೂದಿಲ್ಲ. ಮುಂದಿನದರಾಗ ನೋಡೂಣು."

"ಮುಂದಿನದು ಯಾವಾಗ?"

"ಮಳಿ ಮುಗದ ಮ್ಯಾಲೆ."

ವಾಡಾಕ್ಕೆ ಬಂದು ಇನಾಸ ಏನೂ ಮುಚ್ಚಿಡಲಿಲ್ಲ. ಬೊಡ್ಡೆಯ ಮುಂದೆ ಎಲ್ಲರನ್ನೂ ಕೂಡಿಸಿ ಹೇಳಿದ, ತನ್ನ ಮೂರು ಪೆಟ್ಟನ್ನೂ ಸೇರಿಸಿ ಹೇಳಿದ. ಅವನ ಜೊತೆ ಗಾಡಿ ತುಂಬುತ್ತಿದ್ದ ಮೌಲಾಸಾಬ ಮೊದಲು ಕೇಳಿದ: "ಕೈಯಾಗ ಗಡಗಿ ಹಿಡದು ನೋಡಿ, ಯಾರೂ ಇಲ್ಲ ಅಂತ ಬರದಾನ?"

"ಬರದಾನ."

"ಸಾರು ಬಿಸಿ ಇತ್ತಲೋ," ಎಂದಳು ರುಕ್ಮಾ. "ಒಲಿ ನಾ ಆರಿಸಿದೆ, ಖರೆ. ಸಾರು ಹೆಂಗ ಆರಿಸಲಿ? ಬಿಸಿ ಸಾರು ಮುಟ್ಟಿದಾವಗ ಗೊತ್ತಾಗಲಿಲ್ಲೇನು?"

ಆ ದಿನವೇ ಒಂದು ಮಾತಾಯಿತು. ಇನ್ನು ಮೇಲೆ ಓಡುವುದಿಲ್ಲ. ಸವಾರಿ ಬಂದರೆ ಬೊಡ್ಡೆ ಬಡಿಯುವುದಿಲ್ಲ. ಇಪ್ಪತ್ತಮೂರು ಒಲೆಯಲ್ಲೂ ಹಸಿ ಕಟ್ಟಿಗೆ ಹಾಕಿ ಹೊಗೆ ಎಬ್ಬಿಸುವುದು. ಕಣ್ಣಿದ್ದವನು ನೋಡಲಿ.

ಸವಾರಿ ಬಂತು, ಭತ್ತ ಹಾಲುಗಟ್ಟುವ ಹೊತ್ತಿಗೆ. ಇನಾಸನಿಗೆ ಲಾಳದ ಸಪ್ಪಳ ಕೇಳಿತು. ಕೈ ತಾನೇ ಕೊಡಲಿಗೆ ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಳ್ಳುವುದು ಎಷ್ಟು ಕಷ್ಟವಾಯಿತೆಂದರೆ ಅವನು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತ. ಹಿಂದೆ ವಾಡಾದ ಮೇಲೆ ಹೊಗೆ ಎದ್ದಿತ್ತು. ಹೆಂಗಸರು ಕೂಸುಗಳನ್ನೆತ್ತಿಕೊಂಡು ಅಂಗಳದಲ್ಲೇ ನಿಂತಿದ್ದರು.

ಕುದುರೆಯ ಮೇಲಿದ್ದ ಅಧಿಕಾರಿ ಹೊಗೆ ನೋಡಿದ, ಜನರನ್ನು ನೋಡಿದ. ಜೇಬಿನಿಂದ ಕಾಗದ ತೆಗೆದು ಓದಿಕೊಂಡ. "ಯಾವಾಗ ಬಂದ್ರಿ ನೀವು?"

"ಎಲ್ಲಿಂದ ಬರೂದ್ರಿ? ಇಲ್ಲೇ ಹುಟ್ಟೇವಿ," ಎಂದ ಇನಾಸ.

"ಜೂನ್ ಹದಿನಾಲ್ಕಕ್ಕ ಇಲ್ಲೆ ಯಾರೂ ಇರಲಿಲ್ಲ. ಸರ್ಕಾರ ಶಾಸನಸಭಾದಾಗ ಹೇಳೇತಿ. ಅಂದ ಮ್ಯಾಲೆ ನೀವು ಆಮ್ಯಾಲೆ ಬಂದು ಹೊಕ್ಕೀರಿ. ಖಾಲಿ ಜಂಗಲ್ ಹೊಕ್ಕಿದ್ದಕ್ಕ ಕೋರ್ಟಿನಾಗ ಖಟ್ಲೆ ಆಗತೈತಿ, ತಿಳೀತೇನು?"

ಇನಾಸ ಅಧಿಕಾರಿಯ ಜೊತೆ ಬಂದಿದ್ದ ಗಾರ್ಡನ ಕಡೆಗೆ ತಿರುಗಿದ. ಹನ್ನೆರಡು ವರ್ಷದಿಂದ ಆ ಮನುಷ್ಯ ವಾಡಾಕ್ಕೆ ಬರುತ್ತಿದ್ದ. ಇನಾಸನ ಹೆಸರು, ಅವನ ಅಪ್ಪನ ಹೆಸರು, ಯಾವ ಮನೆಯ ಕೋಳಿ ದಪ್ಪ ಎನ್ನುವುದೂ ಅವನಿಗೆ ಗೊತ್ತಿತ್ತು. ಜೂನ್ ಹದಿನಾಲ್ಕರಂದೂ ಈ ಅಧಿಕಾರಿಯ ಪಕ್ಕದಲ್ಲೇ ಇದ್ದ.

"ನೀವರ ಹೇಳ್ರಿ. ನೀವು ತಿಂದ ಕೋಳಿ ಯಾರದು?"

ಗಾರ್ಡ್ ಮರದ ತುದಿ ನೋಡಿದ. ಅಲ್ಲಿ ಏನೂ ಇರಲಿಲ್ಲ. ಬಹಳ ಹೊತ್ತು ನೋಡುತ್ತಲೇ ಇದ್ದ.

ಆಮೇಲೆ ಆದದ್ದನ್ನು ಓದುವ ಮೊದಲು ಗಟ್ಟಿಯಾಗಿ ಕೂತುಕೊಳ್ಳಿ. ಗುಡಿಸಲು ಕೀಳಲು ಅಧಿಕಾರಿ ತಂದ ಆಳುಗಳು ಎಂಟೇ ಜನ. ಸಾಲುತ್ತಿರಲಿಲ್ಲ. ಎದುರಿಗೇ ಮೂವತ್ತು ಗಂಡಸರು ನಿಂತಿದ್ದರು, ಓಡದೆ. ಅವರನ್ನೇ ಹಚ್ಚಿದರು. ಖಟ್ಲೆ ಬೇಡವೆಂದಾದರೆ ನಿಮ್ಮ ಮನೆ ನೀವೇ ಕಿತ್ತು, ಬಿದಿರು, ತೊಲೆಗಳನ್ನು ಫಾರೆಸ್ಟ್ ಡಿಪೋಗೆ ಹೊತ್ತು ಹಾಕಿ ಎಂದರು. ಕೂಲಿಯ ಮಾತೇ ಬರಲಿಲ್ಲ. ಇಪ್ಪತ್ತೆರಡು ವರ್ಷ ಒಬ್ಬನೂ ಸಿಗದ ಮತ್ತಿವಾಡಾ ಆ ದಿನ ಇಡಿಯಾಗಿ ಬಿಟ್ಟಿಗೆ ಸಿಕ್ಕಿತು. ಇನಾಸ ತನ್ನ ಮನೆಯ ನಡುತೊಲೆಯನ್ನು ತಲೆಯ ಮೇಲೆ ಹೊತ್ತು ಎರಡು ಹರದಾರಿ ನಡೆದ. ಭತ್ತ ಗದ್ದೆಯಲ್ಲೇ ಉಳಿಯಿತು, ಹಂದಿಗಳಿಗೆ. ಉರಿಯುತ್ತಿದ್ದ ಒಲೆಗಳಿಗೆ ಆಳುಗಳು ನೀರು ಸುರಿದರು. ಈಗ ಅವು ನಿಜಕ್ಕೂ ತಣ್ಣಗಿದ್ದವು. ಸರ್ಕಾರದ ಉತ್ತರ ನಿಜವಾಗಲಿಕ್ಕೆ ನಾಲ್ಕು ತಿಂಗಳು ಹಿಡಿಯಿತು, ಅಷ್ಟೇ.

ಮೌಲಾಸಾಬನ ಮನೆಯವರು ರಾಮನಗರದ ಕಡೆ ಗಾಡಿ ತುಂಬುತ್ತಾರೆ. ಕೆಲವರು ಮುಂಡಗೋಡದ ಸನವಳ್ಳಿಯಲ್ಲಿ ಇನ್ನೊಬ್ಬರ ಗದ್ದೆ ಕೊಯ್ಯುತ್ತಿದ್ದಾರೆ. ರುಕ್ಮಾ ದಾರಿಯಲ್ಲೇ ಹೋದಳು. ಎಲ್ಲಿ ಹೂತರೆಂದು ಕೇಳಿದರೆ ಇನಾಸ ಕೈ ಎತ್ತಿ ಕಾಡಿನ ಕಡೆ ತೋರಿಸುತ್ತಾನೆ. ಅವನು ಈಗ ಅಳ್ನಾವರದ ಸ್ಟೇಶನ್ನಿನಲ್ಲಿ ವ್ಯಾಗನ್‌ಗಳಿಗೆ ಮರದ ದಿಮ್ಮಿ ಏರಿಸುತ್ತಾನೆ. ಟಾಂಗಾದ ಕುದುರೆ ಬಂದರೆ ಕೈಯಲ್ಲಿದ್ದ ಹಾರೆ ತಾನೇ ತಿರುಗುತ್ತದೆ. ಬಡಿಯಲಿಕ್ಕೆ ಬೊಡ್ಡೆ ಇಲ್ಲ, ಕೇಳಿ ಓಡಲಿಕ್ಕೆ ಜನ ಇಲ್ಲ.

ಆ ದಿನದ ಕಲಾಪದ ಪುಸ್ತಕ ಅಚ್ಚಾಗಿ ಬಂದಿದೆ. ಮಾವಿನ ಮರ ಹದಿನಾಲ್ಕೂ ಅದರಲ್ಲಿವೆ. ಗಡಿಗೆಯ ಮಾತಿನ ಮುಂದೆ ಕಂಸದಲ್ಲಿ ನಗು ಎಂದೂ ಹಾಕಿದ್ದಾರೆ. ಒಬ್ಬ ಮನುಷ್ಯ ಎದ್ದು ನಿಂತಿದ್ದ ಎನ್ನುವುದು ಇಲ್ಲ.

ಇನಾಸ ಕಂದಾಯ ಕಟ್ಟುವವನಲ್ಲ, ಅವನಿಗೆ ಓಟಿಲ್ಲ. ಕಂದಾಯ ಕಟ್ಟುವ ನಿಮಗಿದೆ. ಹೊಸ ಅಧಿವೇಶನ ಇನ್ನು ಹದಿನೈದು ದಿನದಲ್ಲಿ ಕೂಡುತ್ತದೆ, ಅಲ್ಲಿ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಲು ಬರುತ್ತದೆ. ಇದನ್ನು ಅಚ್ಚು ಹಾಕಿದ ಈ ಪತ್ರಿಕೆಯನ್ನು ಮಡಚಿ ಕಿಸೆಗೆ ಹಾಕಿಕೊಳ್ಳಿ. ನಾಳೆ ಬೆಳಿಗ್ಗೆ ನಿಮ್ಮ ಓಟು ತೆಗೆದುಕೊಂಡ ಮೆಂಬರನ ಮನೆಗೆ ಹೋಗಿ. ಬಿಸಿ ಸಾರಿನ ಗಡಿಗೆ ಯಾರದಾಗಿತ್ತೆಂದು ಸಭೆಯಲ್ಲಿ ಕೇಳು ಎಂದು ಹೇಳಿ. ಅವನು ಬರೆದು, ಸಹಿ ಹಾಕಿ, ನಿಮ್ಮ ಕಣ್ಣೆದುರಿಗೆ ಟಪಾಲಿಗೆ ಹಾಕುವ ತನಕ ಅವನ ಜಗಲಿ ಬಿಟ್ಟು ಏಳಬೇಡಿ.